ಲೆಕ್ಕ ಒಲ್ಲದವರಿಗೆ ಸ್ವಾಗತದ ಕೆಲಸ: ಮೂರು ಫ್ರಂಟ್ ಆಫೀಸ್ ತರಬೇತಿಗಳ ವಿಮರ್ಶೆ

ಎಸ್ಸೆಸ್ಸೆಲ್ಸಿಯ ಗಣಿತವನ್ನು ಹೇಗೋ ದಾಟಿಕೊಂಡು, ಇನ್ನು ಅಂಕಿಗಳ ಸಹವಾಸವೇ ಬೇಡ ಎಂದು ತೀರ್ಮಾನಿಸಿದ ಮಕ್ಕಳಿಗೆ ಬಂಧುಬಳಗದವರು ಸೂಚಿಸುವ ಉದ್ಯೋಗಗಳಲ್ಲಿ ಹೋಟೆಲಿನ ರಿಸೆಪ್ಷನ್ ಕೆಲಸವೂ ಒಂದು. ನಗುಮುಖ, ಮೂರು ಭಾಷೆ ಮತ್ತು ಶುಚಿಯಾದ ಉಡುಪು ಇದ್ದರೆ ಸಾಕು, ಲೆಕ್ಕದ ಗೊಡವೆ ಇರುವುದಿಲ್ಲ ಎಂಬುದು ಈ ಸಲಹೆಯ ಹಿಂದಿರುವ ನಂಬಿಕೆ. ತರಬೇತಿ ಸಂಸ್ಥೆಗಳ ಕರಪತ್ರಗಳೂ ಇದೇ ನಂಬಿಕೆಯನ್ನು ಪೋಷಿಸುತ್ತವೆ. ಮೈಸೂರಿನ ಮಧ್ಯಮ ಗಾತ್ರದ ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿ, ಅಂದರೆ ರಿಸೆಪ್ಷನ್ ವಿಭಾಗದಲ್ಲಿ, ಕೆಲಸ ಮಾಡುತ್ತಾ, ತರಬೇತಿಗೆಂದು ಬರುವವರಿಗೆ ಮೇಜಿನ ಕೆಲಸವನ್ನು ಹೇಳಿಕೊಡುತ್ತಾ ಬಂದಿರುವುದರಿಂದ, ಮೂರು ಬಗೆಯ ತರಬೇತಿ ಪಡೆದವರನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆತಿದೆ: ಐಟಿಐಗಳ ಒಂದು ವರ್ಷದ ಫ್ರಂಟ್ ಆಫೀಸ್ ಅಸಿಸ್ಟೆಂಟ್ ವೃತ್ತಿ, ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮಂಡಳಿಯ ಒಂದೂವರೆ ವರ್ಷದ ಫ್ರಂಟ್ ಆಫೀಸ್ ಡಿಪ್ಲೊಮಾ, ಮತ್ತು ಊರೂರಿನಲ್ಲಿರುವ ಖಾಸಗಿ ಕೇಂದ್ರಗಳ ಆರು ತಿಂಗಳ ಕೋರ್ಸು. ಇವುಗಳನ್ನು ಇಲ್ಲಿ ಒಂದೇ ಅಳತೆಗೋಲಿನಿಂದ ನೋಡಿದ್ದೇನೆ. ಅಂಕಿಗಳನ್ನು ಇಷ್ಟಪಡದ ಅಭ್ಯರ್ಥಿಯನ್ನು ಇವು ನಿಜವಾದ ಕೆಲಸಕ್ಕೆ ಎಷ್ಟರಮಟ್ಟಿಗೆ ಸಿದ್ಧಗೊಳಿಸುತ್ತವೆ ಎಂಬುದೇ ಆ ಅಳತೆಗೋಲು.

ತರಬೇತಿಗಳನ್ನು ತೂಗುವ ಮೊದಲು ಕೆಲಸದ ಸ್ವರೂಪವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಮೂರೂ ತರಬೇತಿಗಳು ಎಡವುವುದು ಇಲ್ಲಿಯೇ. ರಿಸೆಪ್ಷನ್ ಮೇಜಿನಲ್ಲಿ ಲೆಕ್ಕ ಕಡಿಮೆ, ಆದರೆ ಅಂಕಿಗಳು ಬಹಳ. ಕೂಡುವುದು, ಕಳೆಯುವುದು, ಶೇಕಡಾವಾರು ತೆಗೆಯುವುದು ಇವೆಲ್ಲ ಹೋಟೆಲ್ ಸಾಫ್ಟ್‌ವೇರಿನ ಪಾಲಿಗೆ ಹೋಗಿ ಬಹಳ ಕಾಲವಾಯಿತು. ಮನುಷ್ಯರಿಗೆ ಉಳಿದಿರುವುದು ಅಂಕಿಗಳನ್ನು ಓದುವುದು, ತಪ್ಪಿಲ್ಲದೆ ನಕಲು ಮಾಡುವುದು, ಸರಿಯಾದ ಜಾಗದಲ್ಲಿ ಹಾಕುವುದು ಮತ್ತು ಅತಿಥಿಗೆ ಮಾತಿನಲ್ಲಿ ಬಿಡಿಸಿ ಹೇಳುವುದು. ಕೋಣೆಯ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ವೀಸಾದ ಅವಧಿ, ವಾಹನದ ನೋಂದಣಿ, ಕಂಪನಿಯ ಹೆಸರಿನಲ್ಲಿ ಬಿಲ್ ಬೇಕೆನ್ನುವವರ 15 ಅಕ್ಷರಾಂಕಿಗಳ ಜಿಎಸ್‌ಟಿ ಸಂಖ್ಯೆ ಇವೆಲ್ಲ ದಿನನಿತ್ಯದ ಸರಕು. ಈ ಕೊನೆಯದರಲ್ಲಿ ಒಂದಂಕಿ ತಪ್ಪಿದರೂ ಆ ಕಂಪನಿಯ ಲೆಕ್ಕಪತ್ರ ವಿಭಾಗದಿಂದ ಮರುವಾರ ದೂರವಾಣಿ ಕರೆ ಬರುವುದು ಖಂಡಿತ.

ಆದ್ದರಿಂದ ಲೆಕ್ಕ ಬೇಡ ಎನ್ನುವವರನ್ನು ನಾನು ಎರಡು ಗುಂಪಾಗಿ ನೋಡುತ್ತೇನೆ. ಮೊದಲನೆಯವರಿಗೆ ಬೀಜಗಣಿತವೆಂದರೆ ಬೇಸರ, ಶೇಕಡಾವಾರಿನ ಪ್ರಶ್ನೆ ಎದುರಾದರೆ ಕೈನಡುಕ, ಆದರೆ ಮೊಬೈಲ್ ಸಂಖ್ಯೆಯನ್ನು ಒಮ್ಮೆ ಕೇಳಿ ಸರಿಯಾಗಿ ಬರೆದುಕೊಳ್ಳಬಲ್ಲರು. ಇಂಥವರು ರಿಸೆಪ್ಷನ್ ಕೆಲಸಕ್ಕೆ ನಿಶ್ಚಿಂತೆಯಿಂದ ಬರಬಹುದು. ನಾನು ಕಂಡ ಉತ್ತಮ ಸ್ವಾಗತಕಾರರಲ್ಲಿ ಹಲವರು ಗಣಿತದಲ್ಲಿ ಕೇವಲ ತೇರ್ಗಡೆಯಾದವರೇ. ಎರಡನೆಯವರಿಗೆ 306 ಎಂಬುದು 603 ಆಗಿ ಕಾಣುತ್ತದೆ, ಇಲ್ಲವೇ ಕೇಳಿಸಿಕೊಂಡ ಅಂಕಿಗಳು ಬರೆಯುವ ಹೊತ್ತಿಗೆ ಸ್ಥಾನ ಬದಲಿಸಿರುತ್ತವೆ. ಡಿಸ್ಕ್ಯಾಲ್ಕ್ಯುಲಿಯಾ ಎಂಬ ಕಲಿಕಾ ತೊಡಕು ಇರುವವರಲ್ಲಿ ಇಂಥ ತೊಂದರೆ ಕಂಡುಬರುವುದುಂಟು, ಮತ್ತು ಇದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ. ಆದರೆ ಹೋಟೆಲಿನಲ್ಲಿ ತಪ್ಪು ಸಂಖ್ಯೆಯ ಕೀ ಕಾರ್ಡ್ ಕೊಡುವುದೆಂದರೆ ಅಪರಿಚಿತರೊಬ್ಬರಿಗೆ ಮತ್ತೊಬ್ಬರ ಕೋಣೆಯ ಬಾಗಿಲು ತೆರೆದುಕೊಟ್ಟಂತೆ. ಈ ಎರಡು ಗುಂಪುಗಳಿಗೆ ಒಂದೇ ಸಲಹೆ ಸಲ್ಲುವುದಿಲ್ಲ, ಆದರೂ ಪ್ರವೇಶದ ಸಮಯದಲ್ಲಿ ಈ ವ್ಯತ್ಯಾಸವನ್ನು ವಿಚಾರಿಸುವ ತರಬೇತಿ ಕೇಂದ್ರವನ್ನು ನಾನು ಕಂಡಿಲ್ಲ.

ಅಂಕಿಗಳಿಗಿಂತ ಹೆಚ್ಚಾಗಿ ಹೊಸಬರನ್ನು ಗೊಂದಲಕ್ಕೆ ತಳ್ಳುವುದು ದಿನಾಂಕ ಮತ್ತು ಸಮಯ. ರಾತ್ರಿ ರೈಲಿನಲ್ಲಿ ಬಂದು ಹನ್ನೆರಡೂವರೆಗೆ ಮೇಜಿನ ಮುಂದೆ ನಿಲ್ಲುವ ಅತಿಥಿಯ ಬುಕಿಂಗ್ ಕ್ಯಾಲೆಂಡರಿನ ಪ್ರಕಾರ ಹಿಂದಿನ ದಿನದ್ದಾಗಿರುತ್ತದೆ. ಅವರು ‘ಇವತ್ತಿಗೆ ಬುಕ್ ಮಾಡಿದ್ದೇನೆ’ ಎನ್ನುತ್ತಾರೆ, ಪರದೆಯ ಮೇಲೆ ಇವತ್ತಿನ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ಬುಕಿಂಗ್ ಇಲ್ಲವೆಂದು ಹೇಳಿ ಕಳುಹಿಸಿಬಿಟ್ಟರೆ ಆ ಹೋಟೆಲಿನ ಹೆಸರು ಕೆಟ್ಟಂತೆಯೇ ಸರಿ. ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಖಾಲಿ ಮಾಡಿಸುವ ಹೋಟೆಲುಗಳಲ್ಲಿ ಕೆಲಸ ಸ್ವಲ್ಪ ಸುಲಭ. ನಮ್ಮ ಬಸ್ ನಿಲ್ದಾಣಗಳ ಸುತ್ತಲಿನ ಲಾಡ್ಜ್‌ಗಳಲ್ಲಿ ಈಗಲೂ ಹಲವೆಡೆ, ಅತಿಥಿ ಬಂದ ವೇಳೆಯಿಂದ ದಿನವನ್ನು ಎಣಿಸುವ 24 ಗಂಟೆಯ ಪದ್ಧತಿ ಇರುವುದರಿಂದ ಪ್ರತಿ ಕೋಣೆಗೂ ಬೇರೆ ಬೇರೆ ವೇಳೆ ನೆನಪಿಡಬೇಕಾಗುತ್ತದೆ, ಮತ್ತು ಅರ್ಧ ದಿನದ ಬಾಡಿಗೆ ಎಲ್ಲಿಂದ ಶುರುವಾಗುತ್ತದೆ ಎಂಬ ವಾದ ನಿತ್ಯವೂ ನಡೆಯುತ್ತದೆ. ಲೆಕ್ಕ ಒಲ್ಲದವರು ಮೊದಲ ಕೆಲಸಕ್ಕೆ ಇಂಥ ಲಾಡ್ಜನ್ನು ಆರಿಸಿಕೊಳ್ಳದಿರುವುದು ಲೇಸು.

ತೆರಿಗೆಯ ವಿಚಾರದಲ್ಲಿಯೂ ಸ್ವಾಗತಕಾರರ ಪಾಲಿನ ಕೆಲಸ ಲೆಕ್ಕಕ್ಕಿಂತ ವಿವರಣೆಯೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆ ಬಾಡಿಗೆಯ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದಕ್ಕಿಂತ ಹೆಚ್ಚಿನ ಬಾಡಿಗೆಗೆ ಶೇ 18 ಹಾಗೆಯೇ ಉಳಿದಿದೆ. ದಸರೆಯ ದಿನಗಳಲ್ಲಿ ದರ ಏರಿ ಅದೇ ಕೋಣೆ 7,500ರ ಗೆರೆಯನ್ನು ದಾಟಿದಾಗ ತೆರಿಗೆಯೂ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಮೊತ್ತವನ್ನು ಕಂಪ್ಯೂಟರ್ ಕ್ಷಣದಲ್ಲಿ ತೋರಿಸುತ್ತದೆ, ಆದರೆ ಹೋದ ತಿಂಗಳು ಇದೇ ಕೋಣೆಯಲ್ಲಿ ಉಳಿದುಹೋದ ಕುಟುಂಬಕ್ಕೆ ಈ ಸಲ ಬಿಲ್ ಏಕೆ ಹೀಗಾಯಿತು ಎಂದು ಕಂಪ್ಯೂಟರ್ ಹೇಳುವುದಿಲ್ಲ. ಇದನ್ನು ಸಮಾಧಾನದಿಂದ ಎರಡು ವಾಕ್ಯದಲ್ಲಿ ಹೇಳಬಲ್ಲವರು ಬೇಕು, ಮನಸ್ಸಿನಲ್ಲಿಯೇ ಶೇ 18 ತೆಗೆಯಬಲ್ಲವರು ಬೇಕಾಗಿಲ್ಲ.

ನಿಜವಾದ ಲೆಕ್ಕ ಇರುವುದು ಎರಡು ಕಡೆ. ಒಂದು, ನಗದು. ಪಾಳಿಯ ಆರಂಭದಲ್ಲಿ ಚಿಲ್ಲರೆಗೆಂದು ಕೊಟ್ಟ ಹಣವನ್ನು ಎಣಿಸಿ ಪಡೆಯುವುದು, ಪಾಳಿ ಮುಗಿದಾಗ ನಗದು, ಕಾರ್ಡ್ ಮತ್ತು ಯುಪಿಐ ಮೂರನ್ನೂ ಬೇರೆ ಬೇರೆಯಾಗಿ ತಾಳೆ ನೋಡಿ ಮುಂದಿನವರಿಗೆ ಒಪ್ಪಿಸುವುದು. ದೊಡ್ಡ ಹೋಟೆಲುಗಳಲ್ಲಿ ಇದಕ್ಕೆ ಪ್ರತ್ಯೇಕ ಕ್ಯಾಷಿಯರ್ ಇರುತ್ತಿದ್ದರು. ಈಗ ಹಲವೆಡೆ ಸ್ವಾಗತಕಾರರೇ ಎರಡೂ ಕೆಲಸ ಮಾಡುತ್ತಾರೆ. ಸಣ್ಣ ಹೋಟೆಲುಗಳಲ್ಲಂತೂ ಗಲ್ಲಾ ಮತ್ತು ರಿಸೆಪ್ಷನ್ ಒಂದೇ ಮೇಜು, ಮತ್ತು ಕಡಿಮೆ ಬಿದ್ದ ಹಣವನ್ನು ಗಲ್ಲಾದಲ್ಲಿ ಕುಳಿತವರೇ ತುಂಬಿಕೊಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಎರಡನೆಯದು, ನೈಟ್ ಆಡಿಟ್. ದಿನದ ಎಲ್ಲ ಬಿಲ್ಲುಗಳನ್ನೂ, ರೆಸ್ಟೋರೆಂಟಿನಿಂದ ಕೋಣೆಯ ಖಾತೆಗೆ ಹಾಕಿದ ಊಟದ ಮೊತ್ತಗಳನ್ನೂ ತಾಳೆ ನೋಡಿ ಮುಂದಿನ ವ್ಯವಹಾರ ದಿನವನ್ನು ತೆರೆಯುವ ಕೆಲಸ ಇದು. ಈ ಹೊಣೆ ಇಲ್ಲದ ರಾತ್ರಿ ಪಾಳಿ ಸಿಗುವ ಹೋಟೆಲೂ ಉಂಟು, ಮೇಜಿನಲ್ಲಿರುವ ಒಬ್ಬರೇ ಎಲ್ಲವನ್ನೂ ಮುಗಿಸಬೇಕಾದ ಹೋಟೆಲೂ ಉಂಟು. ಅಭ್ಯರ್ಥಿ ಸಂದರ್ಶನದಲ್ಲಿ ಕೇಳಲೇಬೇಕಾದ ಎರಡು ಪ್ರಶ್ನೆಗಳು ಇವೇ: ನಗದು ಯಾರ ಹೊಣೆ, ರಾತ್ರಿಯ ಲೆಕ್ಕ ಯಾರ ಹೊಣೆ. ಇವನ್ನು ಕೇಳಿದರೆ ಕೆಲಸ ಕೈತಪ್ಪುತ್ತದೆಂಬ ಭಯ ಬೇಡ. ಅನುಭವಿ ಮ್ಯಾನೇಜರುಗಳಿಗೆ ಇಂಥ ಪ್ರಶ್ನೆ ಕೇಳುವವರ ಬಗ್ಗೆ ಗೌರವವೇ ಮೂಡುತ್ತದೆ.

ಇನ್ನು ತರಬೇತಿಗಳ ವಿಚಾರ. ಐಟಿಐಯ ಫ್ರಂಟ್ ಆಫೀಸ್ ಅಸಿಸ್ಟೆಂಟ್ ವೃತ್ತಿಗೆ ಎಸ್ಸೆಸ್ಸೆಲ್ಸಿ ತೇರ್ಗಡೆಯಾಗಿದ್ದರೆ ಸಾಕು, ಅವಧಿ ಒಂದು ವರ್ಷ, ಕೊನೆಯಲ್ಲಿ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಲೆಕ್ಕ ಒಲ್ಲದವರ ದೃಷ್ಟಿಯಿಂದ ಇದರ ದೊಡ್ಡ ಅನುಕೂಲವೊಂದನ್ನು ಯಾರೂ ಎತ್ತಿ ಹೇಳುವುದಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಮೊದಲಾದ ಎಂಜಿನಿಯರಿಂಗ್ ವೃತ್ತಿಗಳ ವಿದ್ಯಾರ್ಥಿಗಳನ್ನು ಕಾಡುವ ವರ್ಕ್‌ಶಾಪ್ ಕ್ಯಾಲ್ಕ್ಯುಲೇಷನ್ ಎಂಬ ವಿಷಯ ಇಲ್ಲಿಲ್ಲ, ಏಕೆಂದರೆ ಇದು ಎಂಜಿನಿಯರಿಂಗೇತರ ವೃತ್ತಿ. ವೃತ್ತಿಯ ಸಿದ್ಧಾಂತ, ಪ್ರಾಯೋಗಿಕ ತರಬೇತಿ ಮತ್ತು ಉದ್ಯೋಗಾರ್ಹತಾ ಕೌಶಲ್ಯ ಇವಿಷ್ಟೇ ಮುಖ್ಯ. ಅತಿಥಿಯನ್ನು ಎದುರುಗೊಳ್ಳುವ ಕ್ರಮ, ದೂರವಾಣಿಯಲ್ಲಿ ಮಾತನಾಡುವ ರೀತಿ, ದೂರುಗಳನ್ನು ಸ್ವೀಕರಿಸುವ ಬಗೆ ಇವೆಲ್ಲವನ್ನೂ ಅಭ್ಯಾಸ ಮಾಡಿಸುತ್ತಾರೆ. ನಮ್ಮಲ್ಲಿಗೆ ಬಂದ ಐಟಿಐ ವಿದ್ಯಾರ್ಥಿಗಳಲ್ಲಿ ನಾನು ಮೆಚ್ಚಿದ್ದು ಅವರ ಶಿಸ್ತು. ಹೊತ್ತಿಗೆ ಸರಿಯಾಗಿ ಬರುತ್ತಾರೆ, ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಯಾವ ಕೆಲಸವನ್ನೂ ಕೀಳೆಂದು ಭಾವಿಸುವುದಿಲ್ಲ.

ಕೊರತೆ ಇರುವುದು ಸಾಫ್ಟ್‌ವೇರಿನಲ್ಲಿ. ಹೋಟೆಲಿನ ಕಾರ್ಯನಿರ್ವಹಣೆಗೆ ಬಳಸುವ ತಂತ್ರಾಂಶವನ್ನು ಪರದೆಯ ಚಿತ್ರಗಳಲ್ಲಿ ಮಾತ್ರ ನೋಡಿ, ರಿಜಿಸ್ಟರ್ ಪುಸ್ತಕದಲ್ಲಿ ಗೆರೆ ಎಳೆದು ಬರೆಯುವುದನ್ನೇ ಹೆಚ್ಚಾಗಿ ಕಲಿತು ಬಂದವರನ್ನು ಕಂಡಿದ್ದೇನೆ. ಇದು ಎಲ್ಲರಿಗೂ ಕೊರತೆಯೇ. ಆದರೆ ಲೆಕ್ಕಕ್ಕೆ ಹೆದರುವವರಿಗೆ ಇದು ದುಪ್ಪಟ್ಟು ಅನ್ಯಾಯ. ಕೈಯಲ್ಲಿ ಬಿಲ್ ಕೂಡುವ ಅಭ್ಯಾಸದಿಂದ ಅವರ ಹಳೆಯ ಭಯ ಮರುಕಳಿಸುತ್ತದೆ, ಆ ಭಯವನ್ನು ನೀಗಿಸಬಲ್ಲ ಉಪಕರಣ ಮಾತ್ರ ಕೈಗೆ ಸಿಗುವುದೇ ಇಲ್ಲ. ವಿದೇಶಿ ಹಣದ ವಿನಿಮಯದ ಲೆಕ್ಕಗಳಿಗೆ ತರಗತಿಯಲ್ಲಿ ಕೊಡುವ ಸಮಯವನ್ನು ಕಂಡಾಗಲೂ ನನಗೆ ಹೀಗೆಯೇ ಅನ್ನಿಸುತ್ತದೆ. ಕಾರ್ಡುಗಳ ಈ ಕಾಲದಲ್ಲಿ ಜಿಲ್ಲಾ ಕೇಂದ್ರದ ಹೋಟೆಲಿನ ಮೇಜಿಗೆ ಡಾಲರ್ ನೋಟು ಬರುವುದೇ ಅಪರೂಪ, ಬಂದರೂ ಅದನ್ನು ಬದಲಿಸಿಕೊಡುವುದಕ್ಕೆ ಅನುಮತಿ ಬೇಕು. ಆ ಸಮಯವನ್ನು ವಿದೇಶಿ ಅತಿಥಿಗಳ ವಿವರಪತ್ರಕ್ಕೆ ಕೊಟ್ಟಿದ್ದರೆ ಎಷ್ಟೋ ಉಪಯೋಗವಾಗುತ್ತಿತ್ತು. ಸಿ ಫಾರ್ಮ್ ಎಂದೇ ರೂಢಿಯಲ್ಲಿರುವ ಆ ವಿವರಗಳನ್ನು ಅತಿಥಿ ಬಂದ 24 ಗಂಟೆಯೊಳಗೆ ಅಧಿಕಾರಿಗಳಿಗೆ ಸಲ್ಲಿಸಬೇಕು, ಮತ್ತು ಅದರಲ್ಲಿ ಬೇಕಾಗುವುದು ಗುಣಾಕಾರವಲ್ಲ, ನಕಲು ಮಾಡುವಾಗಿನ ಎಚ್ಚರ.

ರಾಷ್ಟ್ರೀಯ ಮಂಡಳಿಯ ಡಿಪ್ಲೊಮಾಗೆ ಇಂಗ್ಲಿಷ್ ಒಂದು ವಿಷಯವಾಗಿರುವ ಪಿಯುಸಿ ಆಗಿರಬೇಕು. ಒಂದು ವರ್ಷ ತರಗತಿ, ಅನಂತರ ಸುಮಾರು ಆರು ತಿಂಗಳು ಹೋಟೆಲಿನಲ್ಲಿ ತರಬೇತಿ. ಮೂರರಲ್ಲಿ ಇದಕ್ಕೇ ನನ್ನ ಮೊದಲ ಮತ. ಮುಖ್ಯ ಕಾರಣ ಆ ಆರು ತಿಂಗಳು. ಸಂಖ್ಯೆಗಳನ್ನು ನಿಭಾಯಿಸುವ ಕೌಶಲ್ಯ ಪಾಠದಿಂದ ಬರುವುದಿಲ್ಲ, ಮೇಜಿನ ಹಿಂದೆ ನಿಂತು ಬರುವ ಕೆಲವು ಅಭ್ಯಾಸಗಳಿಂದ ಬರುತ್ತದೆ. ಅತಿಥಿ ಹೇಳಿದ ಸಂಖ್ಯೆಯನ್ನು ಎರಡೆರಡು ಅಂಕಿಗಳಾಗಿ ಒಡೆದು ಅವರಿಗೇ ತಿರುಗಿ ಹೇಳುವುದು, ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಎ, ಬಿ, ಸಿ ಎನ್ನುವ ಬದಲು ಆಲ್ಫಾ, ಬ್ರಾವೋ, ಚಾರ್ಲಿ ಎಂದು ಖಚಿತಪಡಿಸಿಕೊಳ್ಳುವುದು, ಪಾಸ್‌ಪೋರ್ಟನ್ನು ನೋಡಿ ಟೈಪ್ ಮಾಡುವ ಬದಲು ಸ್ಕ್ಯಾನರಿಗೆ ಒಡ್ಡುವುದು, ಕೋಣೆಯ ಸಂಖ್ಯೆಯನ್ನು ಗಟ್ಟಿಯಾಗಿ ಹೇಳದೆ ಕಾರ್ಡಿನ ಹೊದಿಕೆಯ ಮೇಲೆ ಬರೆದು ಬೆರಳಿಟ್ಟು ತೋರಿಸುವುದು. ಈ ಕೊನೆಯ ಕ್ರಮವನ್ನು ಒಳ್ಳೆಯ ಹೋಟೆಲುಗಳು ಅತಿಥಿಯ ಸುರಕ್ಷತೆಗಾಗಿ, ಅದರಲ್ಲೂ ಒಂಟಿಯಾಗಿ ಬರುವ ಮಹಿಳೆಯರಿಗಾಗಿ ಪಾಲಿಸುತ್ತವೆ. ಅಂಕಿಗಳಲ್ಲಿ ತಡವರಿಸುವವರಿಗೂ ಅದರಿಂದ ಎರಡನೆಯ ಸಲ ಪರಿಶೀಲಿಸುವ ಅವಕಾಶ ತಾನಾಗಿಯೇ ದೊರೆಯುತ್ತದೆ. ದರಪಟ್ಟಿಯ ಸಂಕೇತಗಳೂ ಹಾಗೆಯೇ. ಇಪಿ ಎಂದರೆ ಕೋಣೆ ಮಾತ್ರ, ಸಿಪಿ ಎಂದರೆ ತಿಂಡಿಯೂ ಸೇರಿ, ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ, ಎಪಿ ಎಂದರೆ ಎಲ್ಲ ಊಟಗಳೂ. ಹಾಳೆಯ ಮೇಲೆ ಭಯಂಕರವಾಗಿ ಕಾಣುವ ಇವು ವಾರದೊಳಗೆ ನಾಲಿಗೆಗೆ ಹತ್ತಿಬಿಡುತ್ತವೆ.

ಇದೇ ಮಂಡಳಿಯ ಮೂರು ವರ್ಷದ ಬಿ.ಎಸ್ಸಿ. ಪದವಿಯ ದಾರಿ ಬೇರೆ. ಪ್ರವೇಶ ಪರೀಕ್ಷೆಯಲ್ಲಿಯೇ ಸಂಖ್ಯಾ ಸಾಮರ್ಥ್ಯದ ಪ್ರಶ್ನೆಗಳಿರುತ್ತವೆ, ಪಠ್ಯದಲ್ಲಿ ಲೆಕ್ಕಶಾಸ್ತ್ರವೂ ಆಹಾರದ ವೆಚ್ಚ ನಿಯಂತ್ರಣವೂ ಬರುತ್ತವೆ. ಹಾಗೆಂದು ಪದವಿ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಗಣಿತದಿಂದ ಓಡಿಬಂದು ಹೋಟೆಲ್ ಮ್ಯಾನೇಜ್‌ಮೆಂಟ್ ಸೇರಿ ಎರಡನೆಯ ಸೆಮಿಸ್ಟರಿನಲ್ಲಿ ಜಮಾಖರ್ಚಿನ ಮುಂದೆ ಕಂಗೆಟ್ಟು ಕುಳಿತವರ ಮಾತನ್ನು ಕೇಳಿರುವುದರಿಂದ ಎಚ್ಚರಿಸಬೇಕೆನ್ನಿಸುತ್ತದೆ.

ಡಿಪ್ಲೊಮಾದ ವಿಷಯದಲ್ಲಿ ನನಗಿರುವ ಆಕ್ಷೇಪವೆಂದರೆ ಅದು ಬಡ್ತಿಯ ಬಗ್ಗೆ ಮೌನವಾಗಿರುವುದು. ಸ್ವಾಗತಕಾರರಾಗಿ ಸೇರಿದವರು ಮೇಲಕ್ಕೇರಿದಂತೆಲ್ಲ ಮುಖಗಳು ಕಡಿಮೆಯಾಗಿ ಅಂಕಿಗಳು ಹೆಚ್ಚುತ್ತವೆ. ಫ್ರಂಟ್ ಆಫೀಸ್ ಮ್ಯಾನೇಜರ್ ಆದವರು ದಿನ ಬೆಳಗಾದರೆ ಕೋಣೆಗಳ ಭರ್ತಿಯ ಶೇಕಡಾವಾರು, ಮಾರಾಟವಾದ ಕೋಣೆಯೊಂದರ ಸರಾಸರಿ ದರ, ಖಾಲಿ ಕೋಣೆಗಳನ್ನೂ ಸೇರಿಸಿ ಭಾಗಿಸಿದ ಆದಾಯ ಈ ಮೂರನ್ನು ಹೋದ ವರ್ಷದ ಅಂಕಿಗಳೊಂದಿಗೆ ಹೋಲಿಸಿ ಮಾಲೀಕರಿಗೆ ಉತ್ತರ ಹೇಳಬೇಕು. ಇದನ್ನು ಮೊದಲೇ ತಿಳಿಸಿದರೆ ಅಭ್ಯರ್ಥಿ ಬೇರೆ ದಿಕ್ಕಿನಲ್ಲಿ ಬೆಳೆಯುವುದನ್ನು ಯೋಚಿಸಬಹುದು. ಗೆಸ್ಟ್ ರಿಲೇಷನ್ಸ್ ಅಂಥದೊಂದು ದಿಕ್ಕು. ಅತಿಥಿಗಳ ಇಷ್ಟಾನಿಷ್ಟಗಳನ್ನು ನೆನಪಿಡುವುದು, ದೂರುಗಳನ್ನು ಕೊನೆ ಮುಟ್ಟಿಸುವುದು ಅಲ್ಲಿನ ಕೆಲಸ. ಕಾನ್ಸಿಯರ್ಜ್, ಅಂದರೆ ಅತಿಥಿಗಳಿಗೆ ಊರಿನಲ್ಲಿ ಬೇಕಾದುದನ್ನು ಹೊಂದಿಸಿಕೊಡುವವರ ಹುದ್ದೆ, ಇನ್ನೊಂದು. 1929ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಲೆ ಕ್ಲೆ ದೋರ್ ಎಂಬ ಕಾನ್ಸಿಯರ್ಜ್‌ಗಳ ಸಂಘದ ಸದಸ್ಯರು ಕೋಟಿನ ಕಾಲರಿನ ಮೇಲೆ ಧರಿಸುವ ಅಡ್ಡಲಾಗಿ ಜೋಡಿಸಿದ ಚಿನ್ನದ ಬಣ್ಣದ ಕೀಲಿಗಳು ಜಗತ್ತಿನ ದೊಡ್ಡ ಹೋಟೆಲುಗಳಲ್ಲಿ ಹಿರಿಯ ಗೌರವದ ಗುರುತು. ಊರಿನ ಜ್ಞಾನ, ಪರಿಚಯಗಳು ಮತ್ತು ಮಾತಿನ ಹದ ಇವೇ ಆ ವೃತ್ತಿಯ ಬಂಡವಾಳ. ನಮ್ಮ ಕಡೆ ಇಂಥ ಹುದ್ದೆಗಳು ಬೆಂಗಳೂರಿನ ದೊಡ್ಡ ಹೋಟೆಲುಗಳ ಆಚೆಗೆ ಕಡಿಮೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ರೆಸ್ಟೋರೆಂಟಿನ ಬಾಗಿಲಲ್ಲಿ ಅತಿಥಿಗಳನ್ನು ಬರಮಾಡಿಕೊಂಡು ಕೂರಿಸುವ ಕೆಲಸದಲ್ಲಿಯೂ ಬಿಲ್ಲಿನ ಹೊಣೆ ಇರುವುದಿಲ್ಲ, ಆದರೆ ಅಲ್ಲಿ ಬೆಳವಣಿಗೆ ನಿಧಾನ.

ಖಾಸಗಿ ಆರು ತಿಂಗಳ ಕೋರ್ಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಒಂದರಂತೆ ಇನ್ನೊಂದಿಲ್ಲ. ನಮ್ಮ ಮೇಜಿಗೆ ಬಂದವರಲ್ಲಿ ಉಡುಪು, ನಿಲುವು, ಇಂಗ್ಲಿಷ್ ವಾಕ್ಯಗಳು ಚೆನ್ನಾಗಿದ್ದರೂ ಓವರ್‌ಬುಕಿಂಗ್ ಎಂದರೇನೆಂದು ಕೇಳಿಯೇ ಇರದವರು ಇದ್ದರು. ಇದು ಸಣ್ಣ ಲೋಪವಲ್ಲ. ಇರುವ ಕೋಣೆಗಳಿಗಿಂತ ಸ್ವಲ್ಪ ಹೆಚ್ಚು ಬುಕಿಂಗ್ ತೆಗೆದುಕೊಳ್ಳುವ ಲೆಕ್ಕವನ್ನು ಹಾಕುವವರು ರಿಸರ್ವೇಷನ್ ವಿಭಾಗದವರು. ಆ ಲೆಕ್ಕ ತಪ್ಪಿದ ದಿನ ಖಚಿತ ಬುಕಿಂಗ್ ಕೈಯಲ್ಲಿ ಹಿಡಿದು ಬಂದ ಕುಟುಂಬಕ್ಕೆ ಕೋಣೆಯಿಲ್ಲ ಎಂದು ಹೇಳಬೇಕಾದವರು ಸ್ವಾಗತಕಾರರು. ಅವರನ್ನು ಕೂರಿಸಿ, ಕುಡಿಯಲು ಏನಾದರೂ ಕೊಟ್ಟು, ಸಮಾನ ದರ್ಜೆಯ ಬೇರೊಂದು ಹೋಟೆಲಿನಲ್ಲಿ ವ್ಯವಸ್ಥೆ ಮಾಡಿ, ಹೋಗುವುದಕ್ಕೆ ಕಾರು ಕೊಡಿಸಿ, ಮರುದಿನ ವಾಪಸು ಕರೆತರುವ ಮಾತು ಕೊಡುವವರೆಗಿನ ಅರ್ಧ ಗಂಟೆಯೇ ಈ ವೃತ್ತಿಯ ನಿಜವಾದ ಪರೀಕ್ಷೆ. ಅದರಲ್ಲಿ ಗಣಿತದ ಅಂಶ ಲವಲೇಶವೂ ಇಲ್ಲ. ಲೆಕ್ಕ ಒಲ್ಲದೆ ಮಾತು ಬಲ್ಲವರು ಮಿಂಚಬೇಕಾದ ಜಾಗ ಇದು. ಇದನ್ನು ಅಭ್ಯಾಸ ಮಾಡಿಸದ ಕೋರ್ಸು ಅವರಿಗೆ ಕೊಡಬೇಕಾದದ್ದನ್ನೇ ಕೊಟ್ಟಿಲ್ಲ.

ಖಾಸಗಿ ಕೇಂದ್ರಗಳು ಕೊಡಿಸುವ ಕೆಲಸದ ವಿಚಾರದಲ್ಲಿ ಮತ್ತೊಂದು ಎಚ್ಚರ ಅಗತ್ಯ. ಆತಿಥ್ಯ ವಿಭಾಗದ ಕೆಲಸವೆಂದು ಹೇಳಿ ರೆಸಾರ್ಟುಗಳ ಸದಸ್ಯತ್ವವನ್ನು ದೂರವಾಣಿಯಲ್ಲಿ ಮಾರುವ ಕೆಲಸಕ್ಕೆ ಸೇರಿಸುವುದುಂಟು. ಅಲ್ಲಿ ಲೆಕ್ಕ ಇಲ್ಲವೆನ್ನುವುದು ಒಂದರ್ಥದಲ್ಲಿ ನಿಜ, ಆದರೆ ದಿನಕ್ಕೆ ಇಷ್ಟು ಕರೆ, ತಿಂಗಳಿಗೆ ಇಷ್ಟು ಮಾರಾಟ ಎಂಬ ಗುರಿ ಮಾತ್ರ ತಲೆಯ ಮೇಲೆ ಸದಾ ಇರುತ್ತದೆ. ಕೂಡುವ ಕಳೆಯುವ ಕೆಲಸಕ್ಕೆ ಅಂಜುವವರಿಗೆ ಈ ಒತ್ತಡ ಅದಕ್ಕಿಂತ ಭಾರವಾಗಬಹುದು. ನೇಮಕಾತಿ ಪತ್ರದಲ್ಲಿ ಸಂಬಳದ ಎಷ್ಟು ಭಾಗ ಪ್ರೋತ್ಸಾಹಧನವೆಂಬುದನ್ನು ಓದಿ ನೋಡಿದರೆ ಕೆಲಸದ ನಿಜರೂಪ ತಿಳಿಯುತ್ತದೆ.

ಮೂರೂ ತರಬೇತಿಗಳು ಬಹುಮಟ್ಟಿಗೆ ಮರೆತಿರುವ ಕ್ಷೇತ್ರವೆಂದರೆ ಆಸ್ಪತ್ರೆ. ನಮ್ಮ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ನೋಂದಣಿ, ಬಿಲ್ಲಿಂಗ್ ಮತ್ತು ವಿಮೆಯ ಮೇಜುಗಳು ಸಾಮಾನ್ಯವಾಗಿ ಬೇರೆ ಬೇರೆಯಾಗಿರುತ್ತವೆ. ವಿಮೆಯ ಮೇಜು ಪೂರ್ತಿ ಅಂಕಿಗಳದ್ದು, ಅದರಿಂದ ದೂರವಿರಬೇಕು. ಮಾಹಿತಿ ಮತ್ತು ನೋಂದಣಿಯ ಮೇಜಿನಲ್ಲಿ ರೋಗಿಯ ಗುರುತಿನ ಸಂಖ್ಯೆಯನ್ನು ಕಂಪ್ಯೂಟರೇ ಕೊಡುತ್ತದೆ. ಸ್ವಾಗತಕಾರರು ಮಾಡಬೇಕಾದದ್ದು ಹೆಸರು ಮತ್ತು ವಯಸ್ಸನ್ನು ಸರಿಯಾಗಿ ಕೇಳಿ ಬರೆಯುವುದು, ಯಾವ ವಿಭಾಗ ಎಲ್ಲಿದೆಯೆಂದು ಹೇಳುವುದು, ಗಾಬರಿಯಲ್ಲಿರುವ ಮನೆಯವರನ್ನು ಸಂತೈಸುವುದು. ಚಾಮರಾಜನಗರದ ಹಳ್ಳಿಯಿಂದ ತಾಯಿಯನ್ನು ಕರೆತಂದ ಮಗನಿಗೆ ಅಲ್ಲಿ ಬೇಕಾಗಿರುವುದು ತನ್ನ ಕನ್ನಡದಲ್ಲಿ ಉತ್ತರಿಸುವ ಒಬ್ಬರು. ಹೋಟೆಲಿನಲ್ಲಿ ಇಂಗ್ಲಿಷ್ ಸಾಲದೆಂದು ಹಿಂದೆ ಸರಿಯುವ ಎಷ್ಟೋ ಅಭ್ಯರ್ಥಿಗಳಿಗೆ ಇಲ್ಲಿ ಅವರ ಭಾಷೆಯೇ ಅರ್ಹತೆ. ಹಬ್ಬದ ರಜೆಗಳ ವಿಷಯದಲ್ಲಿ ಮಾತ್ರ ಹೋಟೆಲಿಗೂ ಆಸ್ಪತ್ರೆಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಸೇರಬೇಕೆನ್ನುವವರು ಗಮನಿಸಬೇಕಾದ ಒಂದು ವಿಷಯವಿದೆ. ಫ್ರಂಟ್ ಆಫೀಸ್ ಅಸಿಸ್ಟೆಂಟ್ ವೃತ್ತಿ ಎಲ್ಲ ಐಟಿಐಗಳಲ್ಲೂ ಇಲ್ಲ, ಡಿಪ್ಲೊಮಾ ಕೂಡ ಮಂಡಳಿಗೆ ಸೇರಿದ ಎಲ್ಲ ಸಂಸ್ಥೆಗಳಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರು ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಆ ವರ್ಷದ ಪಟ್ಟಿಯಲ್ಲಿ ತಮ್ಮ ಜಿಲ್ಲೆಯ ಹೆಸರನ್ನು ಹುಡುಕಬೇಕು. ಪಿಯುಸಿ ಮುಗಿಸಿದವರು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿ ಆ ಸಾಲಿಗೆ ಯಾವ ಕೋರ್ಸುಗಳಿವೆಯೆಂದು ವಿಚಾರಿಸಬಹುದು. ಸಾಧ್ಯವಾದರೆ ಅರ್ಜಿ ಹಾಕುವ ಮೊದಲೇ ಪರಿಚಯದ ಹೋಟೆಲೊಂದರಲ್ಲಿ ಕೇಳಿಕೊಂಡು, ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ, ಅಂದರೆ ಹೋಗುವವರೂ ಬರುವವರೂ ಒಟ್ಟಿಗೆ ಸೇರುವ ವೇಳೆಯಲ್ಲಿ, ಮೇಜಿನ ಪಕ್ಕದಲ್ಲಿ ನಿಂತು ನೋಡಿಬರುವುದು ಒಳ್ಳೆಯದು.